ಕಿವಿ ಬಿಟ್ಟಿದ್ದನ್ನು ಪೆನ್ನೂ ಬಿಡುತ್ತದೆ: ಇಂಗ್ಲಿಷ್ ಕೇಳುವುದು, ಬರೆಯುವುದು ಎರಡನ್ನೂ ಒಟ್ಟಿಗೆ ಕಲಿಯುವ ದಾರಿ

"ಓದಿದ್ರೆ ಅರ್ಥ ಆಗುತ್ತೆ. ಅದನ್ನೇ ಯಾರಾದ್ರೂ ಮಾತಾಡಿದ್ರೆ ತಲೆಗೇ ಹೋಗಲ್ಲ. ಬರೆಯೋಕೆ ಕೂತ್ರೆ ಎರಡನೇ ಸಾಲಿಗೇ ಪೆನ್ನು ನಿಂತುಬಿಡುತ್ತೆ."

ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ದಾವಣಗೆರೆಗೆ, ಚಿತ್ರದುರ್ಗಕ್ಕೆ ಓದಲು ಬರುವ ಮಕ್ಕಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಪಿಯುಸಿ ಸೈನ್ಸೋ, ನರ್ಸಿಂಗೋ, ಎಂಜಿನಿಯರಿಂಗೋ. ಅಲ್ಲಿ ಪಾಠವೆಲ್ಲ ಇಂಗ್ಲಿಷ್. ಪುಸ್ತಕ ಹೇಗೋ ಓದಿಕೊಳ್ಳುತ್ತಾರೆ, ಕ್ಲಾಸಲ್ಲಿ ಕೇಳಿದ್ದು ಮಾತ್ರ ನೀರಿನ ಹಾಗೆ ಹರಿದು ಹೋಗುತ್ತದೆ.

ಇದಕ್ಕೆ ಹೆಚ್ಚಿನವರು ಮಾಡುವುದೇನು? ಕೇಳುವುದನ್ನು ಕಲಿಯಲು ಸಿನಿಮಾ ನೋಡುತ್ತಾರೆ. ಬರೆಯುವುದನ್ನು ಕಲಿಯಲು ಗ್ರಾಮರ್ ಪುಸ್ತಕ ಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಕೆಲಸ ಅಂದುಕೊಂಡಿರುತ್ತಾರೆ. ನಾನು ಹೇಳುವುದು ಬೇರೆ. ಎರಡೂ ಒಂದೇ ಕಾಯಿಲೆ, ಮದ್ದೂ ಒಂದೇ. ಇಂಗ್ಲಿಷ್ ಮಾತಿನಲ್ಲಿ ನಿಮ್ಮ ಕಿವಿಗೆ ಬೀಳದೆ ಹೋಗುವ ಚಿಕ್ಕ ಚಿಕ್ಕ ಪದಗಳೇ ನೀವು ಬರೆಯುವಾಗಲೂ ಬಿಟ್ಟುಹೋಗುತ್ತವೆ. ಆ ಪದಗಳನ್ನು ಕಿವಿಯಿಂದಲೇ ಹಿಡಿದು ಕೈಗೆ ತರುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಓದಲು ಸುಲಭ ಆಗಲಿ ಅಂತ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಪ್ರತಿ ಪದದ ತಲೆಯ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದು ಏಕೆ ತೊಂದರೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಏನೇನು ಬೇಕು

200 ಪುಟದ ಒಂದು ನೋಟ್‌ಬುಕ್. ನೀಲಿ ಪೆನ್ನು, ಕೆಂಪು ಪೆನ್ನು. ಫೋನು, ಇಯರ್‌ಫೋನು. ದಿನಕ್ಕೆ 40 ನಿಮಿಷ. ಇಷ್ಟೇ ಸಾಕು. ಸಾವಿರಾರು ರೂಪಾಯಿಯ ಕೋರ್ಸಿಗೆ ಈಗಲೇ ಸೇರಬೇಡಿ. ಮೂರು ತಿಂಗಳು ಇದನ್ನು ಮಾಡಿ, ಆಮೇಲೂ ಬೇಕು ಅನಿಸಿದರೆ ಸೇರಿ.

ಶುರು ಮಾಡುವ ಮುಂಚೆ: ಇಂಗ್ಲಿಷ್ ಮನೆಮಾತಾದವರು ಪದ ನುಂಗುವುದು ಯಾಕೆ?

"ಅವರು ತುಂಬಾ ಫಾಸ್ಟಾಗಿ ಮಾತಾಡ್ತಾರೆ" ಅಂತ ಎಲ್ಲರೂ ದೂರುತ್ತಾರೆ. ಸ್ಪೀಡು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಬಾಯಿ ಹೆಚ್ಚುಕಡಿಮೆ ತನ್ನ ಪಾಲು ಕೊಡುತ್ತದೆ. 'ದಾವಣಗೆರೆ' ಅಂದರೆ ದಾ, ವ, ಣ, ಗೆ, ರೆ ಐದೂ ಕೇಳುತ್ತವೆ. ಇಂಗ್ಲಿಷಿನಲ್ಲಿ ಒಂದು ಪದದಲ್ಲಿ ಒಂದು ಜಾಗಕ್ಕೆ ಒತ್ತು ಬೀಳುತ್ತದೆ, ಉಳಿದದ್ದು ಸೊರಗುತ್ತದೆ. ನಾವು 'ಕಂ-ಫ-ರ್ಟೇ-ಬಲ್' ಅಂತ ಬಿಡಿಸಿ ಹೇಳುವುದನ್ನು ಅವರು 'ಕಂಫ್ಟಬಲ್' ಅನ್ನುತ್ತಾರೆ. 'ವೆಜಿಟೇಬಲ್' ಅವರ ಬಾಯಲ್ಲಿ 'ವೆಜ್ಟಬಲ್'. ಒತ್ತಿಲ್ಲದ ಕಡೆ ಎ, ಒ, ಆ ಯಾವುದೇ ಸ್ವರ ಇರಲಿ, ಅದು ಹೆಚ್ಚಾಗಿ ಅರೆಬಾಯಿಯ 'ಅ' ಆಗಿಬಿಡುತ್ತದೆ. ಈ ಅರೆಬಾಯಿ 'ಅ'ಗೆ 'ಶ್ವಾ' ಅಂತ ಹೆಸರು. ಡಿಕ್ಷನರಿಯಲ್ಲಿ ಉಚ್ಚಾರ ತೋರಿಸುವ ಕಡೆ ಇಂಗ್ಲಿಷಿನ ಸಣ್ಣ 'ಇ' ಅಕ್ಷರವನ್ನು ತಲೆಕೆಳಗು ಮಾಡಿ ಬರೆದಿರುತ್ತಾರಲ್ಲ, ಅದೇ ಇದರ ಗುರುತು.

ಪದದ ಒಳಗೆ ಆಗುವುದೇ ವಾಕ್ಯದಲ್ಲೂ ಆಗುತ್ತದೆ. ಮುಖ್ಯ ಪದಗಳಿಗೆ ಒತ್ತು. ಟು, ಆಫ್, ಫಾರ್, ಎ, ದ, ವಾಸ್, ಹ್ಯಾವ್ ಇಂಥ ಚಿಕ್ಕವು ಪಕ್ಕದ ಪದಕ್ಕೆ ಅಂಟಿ ಕರಗುತ್ತವೆ. 'ಕಪ್ ಆಫ್ ಟೀ' ಅನ್ನುವುದು 'ಕಪ್ಪ ಟೀ' ಆಗುತ್ತದೆ. 'ಪಿಕ್ ಇಟ್ ಅಪ್' ಅನ್ನುವುದು 'ಪಿಕಿಟಪ್'.

ಇದು ಅವರೊಬ್ಬರ ಚಾಳಿ ಅಲ್ಲ. ನಾವೂ ಮಾಡುತ್ತೇವೆ. 'ಏನು ಮಾಡುತ್ತಾ ಇದ್ದೀಯ' ಅಂತ ಮನೆಯಲ್ಲಿ ಯಾರು ಮಾತಾಡುತ್ತಾರೆ? 'ಏನ್ಮಾಡ್ತಿದೀಯ' ಅನ್ನುತ್ತೇವೆ. 'ಹೋಗಿ ಬರುತ್ತೇನೆ' ಹೋಗಿ 'ಹೋಗ್ಬರ್ತೀನಿ' ಆಗಿದೆ. ಕನ್ನಡವನ್ನು ಪುಸ್ತಕದಿಂದ ಕಲಿತ ಹೊರಗಿನವರು ನಮ್ಮ ಮಾರ್ಕೆಟ್ಟಿನಲ್ಲಿ ನಿಂತರೆ ಅವರಿಗೂ ಇದೇ ಕಷ್ಟ. ಇಂಗ್ಲಿಷ್ ವಿಷಯದಲ್ಲಿ ನೀವು ಈಗ ಅವರ ಜಾಗದಲ್ಲಿದ್ದೀರಿ, ಅಷ್ಟೇ. ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡರೆ ಪ್ರತಿ ಅಕ್ಷರವೂ ತುಂಬಿದ ಅಕ್ಷರವಾಗಿ ತಲೆಯಲ್ಲಿ ಕೂರುತ್ತದೆ. ಆಮೇಲೆ ಸೊರಗಿದ ಅಕ್ಷರ ಬಂದಾಗ ಕಿವಿ ಗುರುತಿಸುವುದಿಲ್ಲ.

ಹಂತ 1: ಸರಿಯಾದ ಆಡಿಯೊ ಆರಿಸಿ

ಒಂದು ನಿಮಿಷದ ಆಡಿಯೊ ಸಾಕು. ಆದರೆ ಅದರ ಜೊತೆ ಟ್ರಾನ್ಸ್‌ಕ್ರಿಪ್ಟ್ ಇರಲೇಬೇಕು. ಟ್ರಾನ್ಸ್‌ಕ್ರಿಪ್ಟ್ ಅಂದರೆ ಆಡಿಯೊದಲ್ಲಿ ಮಾತಾಡಿದ್ದನ್ನು ಪದಕ್ಕೆ ಪದ ಬರೆದಿಟ್ಟ ಪಠ್ಯ. ಅದಿಲ್ಲದೆ ನಿಮ್ಮ ತಪ್ಪು ನಿಮಗೆ ಸಿಗುವುದಿಲ್ಲ.

ಮಟ್ಟ ಸರಿ ಇದೆಯಾ ಅಂತ ನೋಡುವುದು ಸುಲಭ. ಟ್ರಾನ್ಸ್‌ಕ್ರಿಪ್ಟಿನ ಮೊದಲ 100 ಪದ ಓದಿ. ಗೊತ್ತಿಲ್ಲದ ಪದ ಐದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಪಕ್ಕಕ್ಕಿಡಿ, ಇನ್ನೂ ಸುಲಭದ್ದು ಹುಡುಕಿ. ಕಷ್ಟದ್ದು ಕೇಳಿದರೆ ಬೇಗ ಕಲಿಯುತ್ತೇವೆ ಅನ್ನುವುದು ತಪ್ಪು ತಿಳಿವಳಿಕೆ. ಕಣ್ಣಿಗೆ ಗೊತ್ತಿರುವ ಪದವನ್ನು ಕಿವಿಗೆ ಪರಿಚಯ ಮಾಡಿಸುವುದು ಈಗಿನ ಕೆಲಸ. ಹೊಸ ಪದ ಕಲಿಯುವುದು ಬೇರೆ ಹೊತ್ತಿಗಿರಲಿ.

ಎಲ್ಲಿ ಸಿಗುತ್ತದೆ? ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಸೈಟಿನಲ್ಲಿ ಕೇಳುವ ಪಾಠಗಳನ್ನು ಎ1, ಎ2, ಬಿ1, ಬಿ2 ಅಂತ ಮಟ್ಟದ ಪ್ರಕಾರ ಜೋಡಿಸಿದ್ದಾರೆ. ಎ1 ಅಂದರೆ ಆಗ ತಾನೇ ಶುರು ಮಾಡಿದವರು. ಬಿ1 ಅಂದರೆ ದಿನದ ವ್ಯವಹಾರ ಸಂಭಾಳಿಸಬಲ್ಲವರು. ಕನ್ನಡ ಮೀಡಿಯಂನಿಂದ ಬಂದು ಪಿಯುಸಿ ಮುಗಿಸಿದವರು ಎ2ದಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. ಸುಲಭ ಅನಿಸಿದರೂ ಪರವಾಗಿಲ್ಲ. ಅದಾದ ಮೇಲೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಇದೆ. ಇಬ್ಬರು ಕೂತು ಒಂದು ವಿಷಯದ ಬಗ್ಗೆ ಆರು ನಿಮಿಷ ಮಾತಾಡುತ್ತಾರೆ, ಟ್ರಾನ್ಸ್‌ಕ್ರಿಪ್ಟೂ ಇರುತ್ತದೆ. ಆರೂ ನಿಮಿಷ ಒಟ್ಟಿಗೆ ಬೇಡ, ದಿನಕ್ಕೆ ಒಂದೇ ನಿಮಿಷ ತಗೊಳ್ಳಿ. ಎಂಜಿನಿಯರಿಂಗ್ ಮಕ್ಕಳಿಗೆ ಎನ್‌ಪಿಟಿಇಎಲ್, ಅಂದರೆ ಐಐಟಿಯಂಥ ಸಂಸ್ಥೆಗಳ ಆನ್‌ಲೈನ್ ವಿಡಿಯೊ ಪಾಠಗಳೂ ಒಳ್ಳೆಯವು. ನಮ್ಮ ದೇಶದ ಪ್ರೊಫೆಸರುಗಳ ಇಂಗ್ಲಿಷ್ ಕಿವಿಗೆ ಹತ್ತಿರ, ವಿಷಯವೂ ಗೊತ್ತಿರುತ್ತದೆ.

ಯೂಟ್ಯೂಬಿನಲ್ಲಿ ಒಂದು ಎಚ್ಚರಿಕೆ. ಅಲ್ಲಿ ತಾನಾಗಿ ಮೂಡುವ ಸಬ್‌ಟೈಟಲ್ಲನ್ನು ಮೆಷಿನ್ ಬರೆಯುತ್ತದೆ. ಅದೂ ತಪ್ಪು ಕೇಳಿಸಿಕೊಳ್ಳುತ್ತದೆ. ಅದನ್ನು ನಂಬಿ ನಿಮ್ಮ ಸರಿಯಾದ ಉತ್ತರಕ್ಕೆ ಕೆಂಪು ಗೆರೆ ಎಳೆದುಕೊಳ್ಳಬೇಡಿ. ಸ್ಪೀಡ್ ಕಡಿಮೆ ಮಾಡುವುದಾದರೆ 0.75ಕ್ಕೆ ನಿಲ್ಲಿಸಿ. 0.5ಕ್ಕೆ ಇಳಿಸಿದರೆ ಧ್ವನಿ ಎಳೆದು ಎಳೆದು ಮಾತಿನ ಲಯವೇ ಕೆಡುತ್ತದೆ.

ಸಿನಿಮಾ ಈಗ ಬೇಡ. ಹಿಂದೆ ಸಂಗೀತ, ಮುಂದೆ ಗಲಾಟೆ, ನಡುವೆ ಆಡುಮಾತು. ಅದು ಕೊನೆಯ ಮೆಟ್ಟಿಲು. ಅದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು "ನನ್ನ ಕೈಲಿ ಆಗಲ್ಲ" ಅಂತ ಬಿಟ್ಟವರು ತುಂಬಾ ಜನ.

ನಮ್ಮೂರಲ್ಲೇ ಪುಕ್ಕಟೆ ಸಿಗುವ ಒಂದು ಪಾಠವನ್ನೂ ಹೇಳುತ್ತೇನೆ. ದಾವಣಗೆರೆ ರೈಲ್ವೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅನೌನ್ಸ್‌ಮೆಂಟ್ ಗಮನ ಕೊಟ್ಟು ಕೇಳಿ. ಒಂದೇ ಸಮಾಚಾರ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರುತ್ತದೆ. ಯಾವ ರೈಲು, ಯಾವ ಪ್ಲಾಟ್‌ಫಾರ್ಮ್ ಅಂತ ಕನ್ನಡದಲ್ಲಿ ಗೊತ್ತಾಗಿರುವುದರಿಂದ ಇಂಗ್ಲಿಷಿನಲ್ಲಿ ಕಿವಿಗೆ ಉಳಿಯುವುದು ಒಂದೇ ಕೆಲಸ. ಅದೇ ಮಾತನ್ನು ಅಲ್ಲಿ ಹೇಗೆ ಕಟ್ಟಿದ್ದಾರೆ ಅಂತ ಹಿಡಿಯುವುದು. 'ಆನ್ ಪ್ಲಾಟ್‌ಫಾರ್ಮ್ ನಂಬರ್' ಅನ್ನುವಾಗ ಆ 'ಆನ್' ಕೇಳಿಸಿತಾ ನೋಡಿ.

ಹಂತ 2: ಪೆನ್ನು ಮುಟ್ಟದೆ ಎರಡು ಸಲ ಕೇಳಿ

ಮೊದಲ ಸಲ ಸುಮ್ನೆ ಕೇಳಿ. ನಡುವೆ ನಿಲ್ಲಿಸಬೇಡಿ. ಒಂದು ಪದ ತಪ್ಪಿದರೆ ಬಿಟ್ಟುಬಿಡಿ. ತಪ್ಪಿದ ಪದದ ಹಿಂದೆ ಮನಸ್ಸು ಓಡಿದರೆ ಮುಂದಿನ ಎರಡು ವಾಕ್ಯವೂ ಹೋಗುತ್ತವೆ. ಎರಡನೇ ಸಲ ಕೇಳಿದ ಮೇಲೆ ಯಾರು, ಯಾವ ವಿಷಯ, ಏನಾಯಿತು ಅಂತ ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆಯುವುದಕ್ಕೆ ನಾಚಿಕೆ ಬೇಡ. ವಿಷಯ ತಿಳಿಯಿತಾ ಅನ್ನುವುದನ್ನಷ್ಟೇ ಇಲ್ಲಿ ನೋಡುತ್ತಿದ್ದೇವೆ.

ಹಂತ 3: ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಹೊತ್ತು ನಿಮಗಿದ್ದರೆ ಇದನ್ನೇ ಮಾಡಿ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಉಕ್ತಲೇಖನ ಬರೆಸುತ್ತಿದ್ದರಲ್ಲ, ಅದೇ. ಡಿಕ್ಟೇಶನ್.

ಒಂದು ವಾಕ್ಯ ಕೇಳಿ, ನಿಲ್ಲಿಸಿ, ನೀಲಿ ಪೆನ್ನಿನಲ್ಲಿ ಬರೆಯಿರಿ. ಕೇಳಿಸದ ಕಡೆ ಅಡ್ಡ ಗೆರೆ ಹಾಕಿ ಜಾಗ ಬಿಡಿ. ಒಂದು ವಾಕ್ಯವನ್ನು ನಾಲ್ಕು ಸಲಕ್ಕಿಂತ ಜಾಸ್ತಿ ಕೇಳಬೇಡಿ. ನಾಲ್ಕು ಸಲಕ್ಕೂ ಹಿಡಿಯದ ಪದ ಹತ್ತನೇ ಸಲಕ್ಕೂ ಸಿಗುವುದು ಕಷ್ಟ, ಸುಮ್ನೆ ಬೇಜಾರಾಗುತ್ತದೆ. ಎಲ್ಲ ಮುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ಶುರುವಿನಲ್ಲಿ ಒಂದು ನಿಮಿಷದ ಆಡಿಯೊಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಅದು ಸಹಜ.

ಈಗ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಆಡಿಯೊದಲ್ಲಿ ಇರುವುದು ಹೀಗೆ:

"ಐ ವಾಸ್ ಗೋಯಿಂಗ್ ಟು ಆಸ್ಕ್ ದೆಮ್ ಫಾರ್ ಎ ಕಪ್ ಆಫ್ ಟೀ."

ಕಿವಿಗೆ ಬೀಳುವುದು ಹೀಗೆ:

"ಐವಝ್ ಗೋಯಿಂಗ್ಟ ಆಸ್ಕ್‌ದಮ್ ಫರ ಕಪ್ಪ ಟೀ."

ಮೊದಲ ವಾರ ನೀವು ಬರೆಯುವುದು ಬಹುಶಃ ಹೀಗಿರುತ್ತದೆ:

"ಐ ಗೋಯಿಂಗ್ ಆಸ್ಕ್ ದೆಮ್ ಕಪ್ ಟೀ."

ಬಿಟ್ಟುಹೋದದ್ದು ಯಾವುವು? ವಾಸ್, ಟು, ಫಾರ್, ಎ, ಆಫ್. ಐದೂ ಚಿಕ್ಕವು. ಐದರಲ್ಲಿ ಒಂದಾದರೂ ನಿಮಗೆ ಗೊತ್ತಿಲ್ಲದ ಪದ ಇದೆಯಾ? ಇಲ್ಲ, ಅಲ್ವಾ? ಈಗ ನಿಮ್ಮ ಹಳೆಯ ನೋಟ್ಸಿನಲ್ಲಿ ನೀವೇ ಬರೆದ ಯಾವುದಾದರೂ ಇಂಗ್ಲಿಷ್ ಪ್ಯಾರಾ ತೆಗೆಯಿರಿ. "ಐ ಗೋಯಿಂಗ್ ಕಾಲೇಜ್", "ಶೀ ಗುಡ್ ಟೀಚರ್" ಇಂಥ ಸಾಲು ಸಿಗುತ್ತವೆ. ಕಿವಿ ಬಿಟ್ಟ ಪದಗಳೇ ಅಲ್ಲೂ ಬಿಟ್ಟುಹೋಗಿವೆ. ಕಿವಿಗೆ ಎಂದೂ ಸರಿಯಾಗಿ ಬೀಳದ್ದು ಬರೆಯುವಾಗ ಕೈಗೆ ಎಲ್ಲಿಂದ ಬರಬೇಕು?

ಕೆಂಪಿನಲ್ಲಿ ತಿದ್ದುವಾಗ ಪಕ್ಕದ ಮಾರ್ಜಿನಿನಲ್ಲಿ ತಪ್ಪಿನ ಜಾತಿ ಬರೆಯಿರಿ. ನಾಲ್ಕೇ ಜಾತಿ.

'ಹೊ' ಅಂದರೆ ಹೊಸ ಪದ, ಗೊತ್ತೇ ಇರಲಿಲ್ಲ.
'ಅಂ' ಅಂದರೆ ಗೊತ್ತಿರುವ ಪದಗಳೇ, ಆದರೆ ಅಂಟಿಕೊಂಡು ಬಂದದ್ದರಿಂದ ಬೇರೆ ಪದ ಅನಿಸಿತು.
'ಚಿ' ಅಂದರೆ ಚಿಕ್ಕ ಪದ ಬಿಟ್ಟುಹೋಯಿತು.
'ಬಾ' ಅಂದರೆ ಪದದ ಬಾಲ ಹೋಯಿತು.

ಬಾಲದ ಬಗ್ಗೆ ಎರಡು ಮಾತು. ನಡೆದುಹೋದ ಕೆಲಸ ಹೇಳಲು ಇಂಗ್ಲಿಷ್ ಕ್ರಿಯಾಪದಕ್ಕೆ 'ಇಡಿ' ಅನ್ನುವ ಎರಡಕ್ಷರದ ಬಾಲ ಸೇರುತ್ತದೆ. ಬರೆಯುವುದು ಒಂದೇ ಥರ, ಕೇಳುವುದು ಮೂರು ಥರ. 'ವರ್ಕ್ಡ್' ಅನ್ನುವುದು 'ವರ್ಕ್ಟ್' ಅಂತ ಕೇಳುತ್ತದೆ. 'ಪ್ಲೇಯ್ಡ್'ನಲ್ಲಿ 'ಡ್'. 'ವಾಂಟೆಡ್'ನಲ್ಲಿ ಮಾತ್ರ ಪೂರ್ತಿ 'ಇಡ್'. ಮುಂದಿನ ಪದ 'ಟ'ದಿಂದಲೋ 'ಡ'ದಿಂದಲೋ ಶುರುವಾದರೆ ಬಾಲ ಅದರೊಳಗೇ ಮುಳುಗುತ್ತದೆ. 'ವರ್ಕ್ಡ್ ಟುಡೇ' ಅಂದಾಗ 'ವರ್ಕ್ ಟುಡೇ' ಅಂತಲೇ ಕೇಳುತ್ತದೆ. ಆಗ ಕಿವಿ ಒಂದನ್ನೇ ನಂಬಬಾರದು. ಹಿಂದೆ 'ಯೆಸ್ಟರ್‌ಡೇ', 'ಲಾಸ್ಟ್ ವೀಕ್' ಏನಾದರೂ ಇತ್ತಾ ಅಂತ ನೋಡಿ ಬಾಲ ಸೇರಿಸಬೇಕು. ಡಿಕ್ಟೇಶನ್ ಬರೆಯುತ್ತಲೇ ಗ್ರಾಮರ್ ಬರುವುದು ಹೀಗೆ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, 13 ಮತ್ತು 30, 15 ಮತ್ತು 50. 'ಥರ್ಟಿ'ಯಲ್ಲಿ ಒತ್ತು ಮೊದಲ ಭಾಗಕ್ಕೆ, ಕೊನೆ ಗಿಡ್ಡ. 'ಥರ್ಟೀನ್'ನಲ್ಲಿ ಕೊನೆಯ 'ಟೀನ್' ಎಳೆದು ಒತ್ತಿ ಬರುತ್ತದೆ. ಎರಡು, 'ಕ್ಯಾನ್' ಮತ್ತು 'ಕಾಂಟ್'. ಮಾಡಬಹುದು ಅನ್ನುವ 'ಕ್ಯಾನ್' ವಾಕ್ಯದ ನಡುವೆ ಸೊರಗಿ 'ಕನ್' ಆಗುತ್ತದೆ. ಆಗಲ್ಲ ಅನ್ನುವ 'ಕಾಂಟ್' ಯಾವಾಗಲೂ ತುಂಬಿ ಬರುತ್ತದೆ. ಬ್ರಿಟನ್ನಿನವರು 'ಕಾಂಟ್', ಅಮೆರಿಕದವರು 'ಕ್ಯಾಂಟ್' ಅನ್ನುತ್ತಾರೆ. ಕೊನೆಯ 'ಟ್' ಎಷ್ಟೋ ಸಲ ಕೇಳುವುದೇ ಇಲ್ಲ. ಹಾಗಾಗಿ 'ಟ್' ಹುಡುಕಬೇಡಿ, ಒತ್ತು ಇದೆಯಾ ನೋಡಿ. ಒತ್ತು ಬಿದ್ದರೆ ಬಹುಮಟ್ಟಿಗೆ 'ಆಗಲ್ಲ' ಅಂತಲೇ.

ಹಂತ 4: ನೆರಳಿನ ಹಾಗೆ ಜೊತೆಗೆ ಹೇಳಿ

ಇದಕ್ಕೆ ಶಾಡೋಯಿಂಗ್ ಅನ್ನುತ್ತಾರೆ. ಆಡಿಯೊ ಹಾಕಿ, ಟ್ರಾನ್ಸ್‌ಕ್ರಿಪ್ಟ್ ನೋಡುತ್ತಾ, ಅವರ ಬೆನ್ನಿಗೇ ನೀವೂ ಹೇಳುತ್ತಾ ಹೋಗಿ. ಐದು ನಿಮಿಷ ಸಾಕು. ಬಾಯಿಗೆ ಬಂದ ಲಯ ಕಿವಿಗೆ ಬೇಗ ಹತ್ತುತ್ತದೆ.

ಹೈಸ್ಕೂಲಿನಲ್ಲಿ ಲಘು, ಗುರು ಹಾಕಿ ಪ್ರಸ್ತಾರ ಮಾಡಿದ್ದು ನೆನಪಿದೆಯಲ್ಲ? ಅದನ್ನೇ ಇಲ್ಲಿ ಬಳಸಿ. ಒತ್ತು ಬಿದ್ದ ಕಡೆ ಗುರುವಿನ ಗೆರೆ, ಸೊರಗಿದ ಕಡೆ ಲಘುವಿನ ಗುರುತು. ಇಲ್ಲಿ ಗುರು ಅಂದರೆ ದೀರ್ಘ ಸ್ವರ ಅಂತ ಅಲ್ಲ, ಒತ್ತಿ ಹೇಳಿದ್ದು ಅಂತ. ಹೀಗೆ ಗುರುತು ಹಾಕಿದ ಒಂದು ಪುಟ ನೋಡಿದರೆ ಇಂಗ್ಲಿಷಿನ ನಡಿಗೆ ಕಣ್ಣಿಗೇ ಕಾಣುತ್ತದೆ.

ಹೇಳುವಾಗ ನಮ್ಮ ಕೆಲವು ಅಭ್ಯಾಸ ಗಮನಿಸಿಕೊಳ್ಳಿ. 'ಎಗ್' ಅನ್ನುವುದನ್ನು 'ಯೆಗ್ಗು', 'ಓನ್ಲಿ' ಅನ್ನುವುದನ್ನು 'ವೋನ್ಲಿ' ಅನ್ನುತ್ತೇವೆ. ಪದದ ಕೊನೆಗೆ ಒಂದು 'ಉ' ಸೇರಿಸುತ್ತೇವೆ. 'ಬಸ್ಸು', 'ಪೆನ್ನು' ಕನ್ನಡದಲ್ಲಿ ಚೆಂದ, ಇಂಗ್ಲಿಷ್ ಮಾತಾಡುವಾಗ ಆ 'ಉ' ಬಿಡಿ.

ಹಂತ 5: ಮುಚ್ಚಿಟ್ಟು ಮತ್ತೆ ಕಟ್ಟಿ

ಇಲ್ಲಿಂದ ಬರವಣಿಗೆ ಶುರು. ಟ್ರಾನ್ಸ್‌ಕ್ರಿಪ್ಟಿನಿಂದ ಎಂಟು ಹತ್ತು ಮುಖ್ಯ ಪದ ಮಾತ್ರ ಬರೆದುಕೊಂಡು ಮುಚ್ಚಿಡಿ. ಮಾರನೇ ದಿನ ಆ ಪದಗಳನ್ನು ಮಾತ್ರ ನೋಡಿ ಇಡೀ ಪ್ಯಾರಾವನ್ನು ನಿಮ್ಮ ನೆನಪಿನಿಂದ ಕಟ್ಟಿ. ಆಮೇಲೆ ಮೂಲದ ಜೊತೆ ಇಟ್ಟು ನೋಡಿ.

ಇದು ಹಳೆಯ ವಿದ್ಯೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಅಣ್ಣನ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಹತ್ತು ವರ್ಷಕ್ಕೇ ಶಾಲೆ ನಿಂತಿತ್ತು. ಲಂಡನ್ನಿನ ಒಂದು ಪತ್ರಿಕೆಯ ಒಳ್ಳೆಯ ಲೇಖನ ಓದಿ, ಪ್ರತಿ ವಾಕ್ಯಕ್ಕೂ ಒಂದು ಸಣ್ಣ ಸುಳಿವು ಬರೆದುಕೊಂಡು, ಕೆಲವು ದಿನ ಬಿಟ್ಟು, ಸುಳಿವು ನೋಡಿಕೊಂಡು ತನ್ನ ಮಾತಿನಲ್ಲಿ ಬರೆಯುತ್ತಿದ್ದ. ಆಮೇಲೆ ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ಸುಳಿವಿನ ಚೀಟಿಗಳನ್ನು ಕಲಸಿ ಹಾಕಿ, ಮತ್ತೆ ಕ್ರಮಕ್ಕೆ ಜೋಡಿಸುವ ಅಭ್ಯಾಸವನ್ನೂ ಮಾಡಿದ. ಇದನ್ನೆಲ್ಲ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಂಗ್ಲಿಷ್ ಮನೆಮಾತಾದ ಹುಡುಗನಿಗೇ ಇಷ್ಟು ಅಭ್ಯಾಸ ಬೇಕಾಯಿತು. ನಿಮಗೆ ಹೊತ್ತು ಹಿಡಿಯುತ್ತದೆ ಅಂತ ಬೇಸರ ಮಾಡಿಕೊಳ್ಳಬೇಡಿ.

ಉರು ಹೊಡೆದು ಒಪ್ಪಿಸಿದರೆ ಮಾತ್ರ ಇದರಿಂದ ಏನೂ ಉಪಯೋಗ ಇಲ್ಲ. ಒಂದು ದಿನ ಬಿಡಿ ಅಂದದ್ದು ಅದಕ್ಕೇ. ವಿಷಯ ನೆನಪಿರಬೇಕು, ವಾಕ್ಯ ಮರೆತಿರಬೇಕು.

ಹಂತ 6: ನಿಮ್ಮದೇ ಐದು ವಾಕ್ಯ

ದಿನಕ್ಕೆ ಐದೇ ವಾಕ್ಯ ಬರೆಯಿರಿ. 'ಪೊಲ್ಯೂಷನ್', 'ಇಂಪಾರ್ಟೆನ್ಸ್ ಆಫ್ ಎಜುಕೇಶನ್' ಇಂಥ ವಿಷಯ ಬೇಡ, ಉರು ಹೊಡೆದ ಸಾಲುಗಳು ನುಗ್ಗಿ ಬರುತ್ತವೆ. ನೀವು ಕಣ್ಣಾರೆ ಕಂಡದ್ದು ಬರೆಯಿರಿ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದು ಅಕ್ಕಿ ಅರಳುವುದು ಹೇಗೆ? ಚಿತ್ರದುರ್ಗದ ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತ ಹೊರದೇಶದವರಿಗೆ ಅವಳ ಕಥೆ ಹೇಗೆ ಹೇಳುತ್ತೀರಿ? ಇಂಥದ್ದು.

ಒಂದು ಮಾದರಿ ನೋಡಿ. ಕಲಿಯುವವರು ಬರೆಯುವ ರೀತಿಯ ಕರಡು ಇದು:

"ಯೆಸ್ಟರ್‌ಡೇ ಐ ವೆಂಟ್ ಹೋಟೆಲ್. ಹೋಟೆಲ್ ವೆರಿ ಓಲ್ಡ್. ಐ ಡಿಡ್ ನಾಟ್ ಗಾಟ್ ಸೀಟ್. ಆಫ್ಟರ್ ಟ್ವೆಂಟಿ ಮಿನಿಟ್ ಬೆಣ್ಣೆ ದೋಸೆ ಕಮ್."

ತಿದ್ದಿದ ಮೇಲೆ:

"ಯೆಸ್ಟರ್‌ಡೇ ಐ ವೆಂಟ್ ಟು ಎ ಸ್ಮಾಲ್ ರೆಸ್ಟೋರೆಂಟ್. ದ ರೆಸ್ಟೋರೆಂಟ್ ಈಸ್ ವೆರಿ ಓಲ್ಡ್. ಐ ಡಿಡ್ ನಾಟ್ ಗೆಟ್ ಎ ಸೀಟ್. ಆಫ್ಟರ್ ಟ್ವೆಂಟಿ ಮಿನಿಟ್ಸ್ ಮೈ ಬೆಣ್ಣೆ ದೋಸೆ ಕೇಮ್."

ಟು, ಎ, ದ, ಈಸ್, 'ಮಿನಿಟ್ಸ್'ನ ಬಾಲ. ಹಂತ 3ರಲ್ಲಿ ಕೆಂಪು ಪೆನ್ನು ಹಿಡಿದದ್ದೂ ಇಂಥವನ್ನೇ. ಒಂದೊಂದಾಗಿ ನೋಡೋಣ.

'ಈಸ್' ಯಾಕೆ ಬಿಟ್ಟುಹೋಗುತ್ತದೆ? ಕನ್ನಡದಲ್ಲಿ 'ನಮ್ಮಪ್ಪ ರೈತರು' ಅಂದರೆ ವಾಕ್ಯ ಪೂರ್ತಿ. ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. 'ಮೈ ಫಾದರ್ ಈಸ್ ಎ ಫಾರ್ಮರ್.' ವಾಕ್ಯ ಬರೆದ ತಕ್ಷಣ ಕ್ರಿಯಾಪದದ ಮೇಲೆ ಬೆರಳಿಡಿ. ಬೆರಳಿಡಲು ಜಾಗ ಸಿಗಲಿಲ್ಲ ಅಂದರೆ ಅಲ್ಲಿ ಈಸ್, ಆರ್, ವಾಸ್ ಯಾವುದೋ ಒಂದು ಬಿಟ್ಟಿದ್ದೀರಿ.

'ಎ' ಮತ್ತು 'ದ' ಬಗ್ಗೆ ದಪ್ಪ ಪುಸ್ತಕ ಓದಿ ಗೊಂದಲ ಮಾಡಿಕೊಳ್ಳುವ ಮುಂಚೆ ಅಜ್ಜಿ ಹೇಳಿದ ಕಥೆ ನೆನಪು ಮಾಡಿಕೊಳ್ಳಿ. 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು.' ಮೊದಲ ಸಲ 'ಒಬ್ಬ' ರಾಜ, ಎರಡನೇ ಸಲ 'ಆ' ರಾಜ. ಆ 'ಒಬ್ಬ', 'ಒಂದು' ಇಂಗ್ಲಿಷಿನಲ್ಲಿ 'ಎ'. ಆ 'ಆ' ಇಂಗ್ಲಿಷಿನಲ್ಲಿ 'ದ'. ಎಲ್ಲ ಕಡೆ ಇದು ಸಾಲುವುದಿಲ್ಲ. ಸೂರ್ಯನ ಹಾಗೆ ಒಂದೇ ಒಂದು ಇರುವುದಕ್ಕೆ ಮೊದಲ ಸಲವೇ 'ದ' ಬರುತ್ತದೆ, ಹಾಲು, ಬೆಣ್ಣೆಯಂಥ ಎಣಿಸಲಾಗದ್ದಕ್ಕೆ 'ಎ' ಬರುವುದಿಲ್ಲ. ಆದರೂ ಶುರು ಮಾಡಲು ಅಜ್ಜಿಯ ಕಥೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

'ಡಿಡ್ ನಾಟ್ ಗಾಟ್' ಯಾಕೆ ತಪ್ಪು? ಕನ್ನಡದಲ್ಲಿ 'ಹೋದ' ಅನ್ನುವುದಕ್ಕೆ ಇಲ್ಲ ಸೇರಿಸಿ 'ಹೋದಲಿಲ್ಲ' ಅನ್ನುತ್ತೀರಾ? ಇಲ್ಲ. 'ಹೋಗಲಿಲ್ಲ' ಅನ್ನುತ್ತೀರಿ. ಇಲ್ಲ ಅಂದ ಕೂಡಲೇ ಕ್ರಿಯಾಪದ ಮೂಲ ರೂಪಕ್ಕೆ ಮರಳುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ನಡೆದುಹೋದದ್ದು ಅನ್ನುವುದನ್ನು 'ಡಿಡ್' ಹೇಳಿಯಾಯಿತು, ಮುಂದಿನದು 'ಗೆಟ್', 'ಗೋ', 'ಕಮ್' ಆಗಿಯೇ ಇರಬೇಕು.

ನಮ್ಮ 'ಅಲ್ಲಿ' ಪ್ರತ್ಯಯ ಒಂದೇ, ಇಂಗ್ಲಿಷಿನಲ್ಲಿ ಅದಕ್ಕೆ ಮೂರು ಬಾಗಿಲು. ದಾವಣಗೆರೆಯಲ್ಲಿ ಅನ್ನಲು 'ಇನ್', ಬಸ್‌ಸ್ಟ್ಯಾಂಡಿನಲ್ಲಿ ಅನ್ನಲು 'ಆಟ್', ಬಸ್ಸಿನಲ್ಲಿ ಅನ್ನಲು 'ಆನ್'. ನಿಯಮ ಹುಡುಕುವ ಬದಲು ಪದದ ಜೊತೆ ಜೋಡಿಯಾಗಿಯೇ ಕಲಿಯಿರಿ. 'ಬಗ್ಗೆ' ಅಂತ ಕನ್ನಡದಲ್ಲಿ ಬಂದಲ್ಲೆಲ್ಲ 'ಅಬೌಟ್' ಹಾಕಬೇಡಿ. 'ಡಿಸ್ಕಸ್' ಆದ ಮೇಲೆ 'ಅಬೌಟ್' ಬರುವುದಿಲ್ಲ.

ಇನ್ನೊಂದು, ಉದ್ದದ ಸರಪಳಿ. 'ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡಿದು ಕಾಲೇಜಿಗೆ ಹೋದೆ' ಅನ್ನುವುದು ಕನ್ನಡದಲ್ಲಿ ಒಂದೇ ಉಸಿರು. ಇಂಗ್ಲಿಷಿಗೆ ಬಂದಾಗ ಎರಡು ಮೂರು ವಾಕ್ಯ ಮಾಡಿ. ಸದ್ಯಕ್ಕೆ ಒಂದು ವಾಕ್ಯಕ್ಕೆ 12 ಪದ ಮಿತಿ ಇಟ್ಟುಕೊಳ್ಳಿ.

'ಹೋಟೆಲ್' ಯಾಕೆ 'ರೆಸ್ಟೋರೆಂಟ್' ಆಯಿತು ಅಂದರೆ, ಹೊರದೇಶದವರಿಗೆ ಹೋಟೆಲ್ ಅಂದರೆ ರಾತ್ರಿ ಉಳಿಯುವ ಜಾಗ. ಹಾಗೇ 'ಪಾಸ್ಡ್ ಔಟ್' ಅಂದರೆ ಅವರಿಗೆ ಪ್ರಜ್ಞೆ ತಪ್ಪಿತು ಅಂತ. ಡಿಗ್ರಿ ಮುಗಿಸಿದೆ ಅನ್ನಲು 'ಐ ಗ್ರಾಜುಯೇಟೆಡ್' ಅನ್ನಿ. 'ಮೈಸೆಲ್ಫ್' ಅಂತ ಪರಿಚಯ ಶುರು ಮಾಡಬೇಡಿ, 'ಐ ಆಮ್' ಸಾಕು. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಬೇಡ, 'ಐ ಹ್ಯಾವ್ ಟೂ ಬ್ರದರ್ಸ್'.

ಹಂತ 7: ಒಂದು ರಾತ್ರಿ ಬಿಟ್ಟು ತಿದ್ದಿ

ಬರೆದ ಕೂಡಲೇ ತಿದ್ದಿದರೆ ಕಣ್ಣು ತಪ್ಪನ್ನು ದಾಟಿಸಿಕೊಂಡು ಹೋಗುತ್ತದೆ. ಮಾರನೇ ದಿನ ಗಟ್ಟಿಯಾಗಿ ಓದಿ. ಮೂರು ಸುತ್ತು ತಿದ್ದಿ, ಒಂದು ಸುತ್ತಿಗೆ ಒಂದೇ ಜಾತಿ. ಮೊದಲು ಕ್ರಿಯಾಪದ, ಆಮೇಲೆ ಚಿಕ್ಕ ಪದ, ಕೊನೆಗೆ ಬಾಲ. ಎಲ್ಲವನ್ನೂ ಒಂದೇ ಸಲ ಹುಡುಕಿದರೆ ಒಂದೂ ಸಿಗುವುದಿಲ್ಲ.

ಎಐ ಆಪ್ ಬಳಸಬಹುದಾ ಅಂತ ಈಗ ಎಲ್ಲರೂ ಕೇಳುತ್ತಾರೆ. ಬಳಸಿ, ಆದರೆ ಕೊನೆಯಲ್ಲಿ. ನೀವು ಬರೆದು, ನೀವೇ ತಿದ್ದಿದ ಮೇಲೆ ಅದಕ್ಕೆ ಕೊಟ್ಟು "ತಪ್ಪು ಎಲ್ಲಿದೆ ಅಂತ ಮಾತ್ರ ತೋರಿಸು, ನೀನು ಬರೆಯಬೇಡ" ಅನ್ನಿ. ಕನ್ನಡದಲ್ಲಿ ಬರೆದು ಟ್ರಾನ್ಸ್‌ಲೇಟ್ ಮಾಡಿಸುವುದು ಬೇಡವೇ ಬೇಡ. ಕಾಗದ ಚೆಂದ ಕಾಣುತ್ತದೆ, ನೀವು ಇದ್ದಲ್ಲೇ ಇರುತ್ತೀರಿ.

ವಾರವನ್ನು ಹೀಗೆ ಹಂಚಿಕೊಳ್ಳಿ

ಸೋಮವಾರ, ಬುಧವಾರ, ಶುಕ್ರವಾರ ಹೊಸ ಆಡಿಯೊ, ಹಂತ 1ರಿಂದ 4. ಮಂಗಳವಾರ, ಗುರುವಾರ, ಶನಿವಾರ ಹಿಂದಿನ ದಿನದ್ದನ್ನು ಮುಚ್ಚಿಟ್ಟು ಕಟ್ಟುವುದು. ಐದು ವಾಕ್ಯ ಮಾತ್ರ ದಿನವೂ ಬರೆಯಿರಿ, ಹಿಂದಿನ ದಿನದ ಐದನ್ನು ತಿದ್ದಿ. ಭಾನುವಾರ ಆ ವಾರದ ಮೂರು ಆಡಿಯೊ ಸುಮ್ನೆ ಕೇಳಿ. ದಾವಣಗೆರೆ, ಚಿತ್ರದುರ್ಗದ ನಡುವೆ ಬಸ್ಸಿನಲ್ಲಿ ಓಡಾಡುವವರು ಆ ಒಂದು ಗಂಟೆಯನ್ನು ಹಳೆಯ ಆಡಿಯೊಗೆ ಇಟ್ಟುಕೊಳ್ಳಿ. ಹೊಸದು ಬಸ್ಸಿನ ಸದ್ದಿನಲ್ಲಿ ಹಿಡಿಯುವುದಿಲ್ಲ.

ಐಇಎಲ್‌ಟಿಎಸ್ ಬರೆಯುವವರಿಗೆ ಒಂದು ಮಾತು. ಹೊರದೇಶದಲ್ಲಿ ಓದಲು, ಕೆಲಸ ಮಾಡಲು ಕೇಳುವ ಇಂಗ್ಲಿಷ್ ಪರೀಕ್ಷೆ ಇದು. ಕೇಳುವ ಭಾಗದಲ್ಲಿ ನಾಲ್ಕು ಪಾರ್ಟು, 40 ಪ್ರಶ್ನೆ, ಆಡಿಯೊ ಒಂದೇ ಸಲ. ಸ್ಪೆಲಿಂಗ್ ತಪ್ಪಿದರೂ ಅಂಕ ಹೋಗುತ್ತದೆ. ಬರೆಯುವ ಭಾಗಕ್ಕೆ 60 ನಿಮಿಷ, ಒಂದು ಕನಿಷ್ಠ 150 ಪದದ್ದು, ಇನ್ನೊಂದು ಕನಿಷ್ಠ 250 ಪದದ್ದು. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ, ಹಾಗಾಗಿ ಅದಕ್ಕೆ 40 ನಿಮಿಷ ಇಟ್ಟುಕೊಳ್ಳಿ. ಮೇಲಿನ ಹಂತಗಳನ್ನು ಎರಡು ತಿಂಗಳು ಮಾಡಿದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹಿಡಿಯಿರಿ, ಮೊದಲೇ ಬೇಡ.

ಮೊದಲ ದಿನ ಬರೆದ ಡಿಕ್ಟೇಶನ್ ಹಾಳೆಗೆ ದಿನಾಂಕ ಹಾಕಿಡಿ. 30ನೇ ದಿನ ಅದೇ ಆಡಿಯೊ ಹಾಕಿ, ಹಳೆಯ ಹಾಳೆ ನೋಡದೆ ಮತ್ತೆ ಬರೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ಮಾರ್ಜಿನಿನ 'ಚಿ', 'ಬಾ' ಗುರುತುಗಳನ್ನು ಎಣಿಸಿ. ಕಡಿಮೆಯಾಗಿದ್ದರೆ ಒಂದು ಮಟ್ಟ ಮೇಲೆ ಹೋಗಿ. ಆಗಿಲ್ಲದಿದ್ದರೆ ಅದೇ ಮಟ್ಟದಲ್ಲಿರಿ, ಆಡಿಯೊ ಮಾತ್ರ ಅರ್ಧ ನಿಮಿಷಕ್ಕೆ ಇಳಿಸಿ, ಇನ್ನು 15 ದಿನ ಹಂತ 3 ಮತ್ತು 4 ಇವೆರಡನ್ನೇ ಮಾಡಿ.